ಡ್ರಿಪ್ ಹಾಕಿಸುವ ಕುರಿತು

ಇಂದ,
ಈ ಮನೆಯ ಸೊಸೆ,
ನೀರು ಸರಬರಾಜು ಕಚೇರಿಯ ಸೋರಿಕೆ ದೂರು ಕೌಂಟರಿನ ಗುಮಾಸ್ತೆ, ಬೆಳಗಿನ ಪಾಳಿ
(ಇನ್ನು ಮುಂದೆ "ಅರ್ಜಿದಾರಳು").

ಗೆ,
ಅತ್ತೆಯವರು,
ಅಡುಗೆಮನೆಯ ಕಟ್ಟೆ, ಅದರ ಮೇಲಿನ ಗೂಡು ಹಾಗೂ ಮನೆಯ ಸಕಲ ಸ್ವಿಚ್ಚುಗಳ ಸಕ್ಷಮ ಪ್ರಾಧಿಕಾರ.

ವಿಷಯ: ಮನೆಗೆ ಡ್ರಿಪ್ ಕಾಫಿ ಯಂತ್ರವೊಂದನ್ನು ಆರಿಸಿ ಕೊಳ್ಳಲು, ಅದಕ್ಕೆ ಕಟ್ಟೆಯ ಮೇಲೆ ಜಾಗ ಮಂಜೂರು ಮಾಡಲು, ಮತ್ತು ಒಂದು ಸ್ವಿಚ್ಚಿನ ಬಗ್ಗೆ.

ಉಲ್ಲೇಖ:
1. ತಮ್ಮ ಪುತ್ರರು ಮದುವೆಗೆ ಮುಂಚೆ ಬಸ್ ನಿಲ್ದಾಣದಲ್ಲಿ ಕೊಟ್ಟ ಮೌಖಿಕ ಮಾತು.
2. "ಎಲ್ಲಿಡ್ತೀಯ ಅದನ್ನ, ನನ್ನ ತಲೆ ಮೇಲಾ?" ಎಂಬ ತಮ್ಮ ಮೌಖಿಕ ಆದೇಶ.
3. "ನಿಮ್ಮ ಆಫೀಸಲ್ಲಿ ಬರೆದು ಕೊಟ್ರೇ ತಾನೆ ಕೆಲಸ ಆಗೋದು, ನನಗೂ ಬರೆದು ಕೊಡು" ಎಂಬ ತಮ್ಮ ಮರು ಆದೇಶ.

ಮಾನ್ಯರೇ,

ಉಲ್ಲೇಖ ಮೂರರ ಆದೇಶಕ್ಕೆ ತಲೆಬಾಗಿ ಅರ್ಜಿದಾರಳು ಬರೆದು ಕೊಡುತ್ತಿರುವುದೇನೆಂದರೆ:

1. ಮದುವೆಗೆ ಮುಂಚೆ ಒಂದು ಬೆಳಿಗ್ಗೆ, ಬಸ್ ನಿಲ್ದಾಣದ ಬೆಂಚಿನ ಮೇಲೆ, ಕಾಗದದ ಲೋಟದಲ್ಲಿ ಕಾಫಿಯೆಂದು ಹೇಳಿ ಕೊಟ್ಟ ಬಣ್ಣದ ನೀರನ್ನು ಹಿಡಿದುಕೊಂಡು ತಮ್ಮ ಪುತ್ರರು ಅರ್ಜಿದಾರಳಿಗೆ ಒಂದು ಮಾತು ಕೊಟ್ಟರು. "ನಮ್ಮನೆಗೆ ಬಂದ ಮೇಲೆ ಬೆಳಗಿನ ಮೊದಲ ಲೋಟ ಕಾಫಿ ನೀನು ಮಾಡ್ಕೊಳ್ಳೋ ಹಾಗಿಲ್ಲ. ಅದು ನನ್ನ ಕೆಲಸ." ಚಂದ್ರನನ್ನೇ ಕಿತ್ತು ತರುತ್ತೇನೆನ್ನುವ ಗಂಡಸರ ನಡುವೆ ಒಂದು ಲೋಟದ ಅಳತೆಗೆ ಮಾತು ಕೊಡುವ ಈತ ನಂಬಿಕಸ್ಥನಿರಬೇಕು ಎಂದು ಅರ್ಜಿದಾರಳಿಗೆ ಅನ್ನಿಸಿತು. ಕಾರಣ, ಮದುವೆಗೆ ಒಪ್ಪಿದಳು.

2. ಸದರಿ ಮಾತು ಮೊದಮೊದಲು ಚಾಚೂ ತಪ್ಪದೆ ನಡೆದುಬಂತು. ಮೊಮ್ಮಗಳು ಹುಟ್ಟಿದ ಮೇಲೂ ನಡೆಯಿತು. ಆಮೇಲೆ ಲಿಫ್ಟ್ ರಿಪೇರಿ ಕಂಪನಿಯವರು ತಮ್ಮ ಪುತ್ರರನ್ನು ರಾತ್ರಿ ಪಾಳಿಗೆ ಹಾಕಿದರು. ಜನ ಹಗಲಿಗಿಂತ ರಾತ್ರಿಯೇ ಹೆಚ್ಚಾಗಿ ಮಹಡಿಗಳ ನಡುವೆ ಸಿಕ್ಕಿಕೊಳ್ಳುತ್ತಾರೆ ಎಂಬುದು ಕಂಪನಿಯ ಅಭಿಪ್ರಾಯವಾಗಿದ್ದು, ಅದನ್ನು ಪ್ರಶ್ನಿಸಲು ಅರ್ಜಿದಾರಳಿಗೆ ಅಧಿಕಾರವಿರುವುದಿಲ್ಲ. ಅವರು ಮೆಟ್ಟಿಲು ಹತ್ತಿ ಬರುವಾಗ ಅರ್ಜಿದಾರಳು ಇಳಿದು ಹೋಗುತ್ತಿರುತ್ತಾಳೆ. ಎರಡನೇ ಮಹಡಿಯ ತಿರುವಿನಲ್ಲಿ ದಂಪತಿಗಳ ಬೆಳಗಿನ ಭೇಟಿ. ಒಬ್ಬರು "ಗ್ಯಾಸ್ ಆರಿಸಿದ್ಯಾ" ಅಂತಾರೆ, ಇನ್ನೊಬ್ಬರು "ಊಟ ಮುಚ್ಚಿಟ್ಟಿದೀನಿ" ಅಂತಾರೆ. ಆ ತಿರುವಿನಲ್ಲಿ ಕಾಫಿ ಕೊಡಲು ಬರುವುದಿಲ್ಲ.

3. ಆದ್ದರಿಂದ ಅರ್ಜಿದಾರಳು ಒಂದು ಕೈಯಲ್ಲಿ ಮಗಳ ಜಡೆ, ಇನ್ನೊಂದು ಕೈಯಲ್ಲಿ ಡಬ್ಬಿ ಹಿಡಿದುಕೊಂಡು, ಇಲ್ಲದ ಮೂರನೇ ಕೈಯಲ್ಲಿ ತನ್ನ ಕಾಫಿ ತಾನೇ ಮಾಡಿಕೊಳ್ಳುತ್ತಾ ಬಂದಿರುತ್ತಾಳೆ. ಅದು ಕಿಟಕಿಯ ಅಂಚಿನಲ್ಲಿ ಕೆನೆ ಕಟ್ಟಿ ಕೂತಿರುತ್ತದೆ. ಬಸ್ಸು ತಪ್ಪುವ ಹೊತ್ತಿಗೆ ನೆನಪಾಗಿ ಒಂದೇ ಗುಟುಕಿಗೆ ಇಳಿಯುತ್ತದೆ, ಇಲ್ಲವೇ ಸಂಜೆಯವರೆಗೆ ಅಲ್ಲೇ ಇರುತ್ತದೆ. ನಂತರ ಕಚೇರಿಯಲ್ಲಿ ಪಾಳಿ ಮುಗಿಯುವವರೆಗೂ ಇತರರ ಮನೆಯ ನಲ್ಲಿ ತೊಟ್ಟಿಕ್ಕುವ ಕಥೆ ಕೇಳಬೇಕು. ಅರ್ಜಿದಾರಳು ಕೇಳುತ್ತಿರುವುದು ಒಡವೆಯನ್ನಲ್ಲ, ಪ್ರವಾಸವನ್ನಲ್ಲ. ದಿನಕ್ಕೊಂದು ಲೋಟ. ತಾನು ಮಾಡಿರಬಾರದು, ಬಿಸಿಯಾಗಿರಬೇಕು, ಅಷ್ಟೆ.

4. ಹೀಗಿರುವಲ್ಲಿ, ತಾನೇ ತೊಟ್ಟಿಕ್ಕಿಕೊಂಡು ಕಾಫಿಯಾಗುವ ಯಂತ್ರವೊಂದಿದೆ, ಹೊತ್ತು ಗೊತ್ತುಮಾಡಿಟ್ಟರೆ ಬೆಳಿಗ್ಗೆ ತಂತಾನೇ ಶುರುವಾಗುತ್ತದೆ ಎಂದು ಸಹೋದ್ಯೋಗಿಯೊಬ್ಬರಿಂದ ತಿಳಿದುಬಂತು. ತೊಟ್ಟಿಕ್ಕುವುದರ ವಿರುದ್ಧವೇ ಸಂಬಳ ತೆಗೆದುಕೊಳ್ಳುವ ಅರ್ಜಿದಾರಳಿಗೆ ಮೊದಲು ತುಸು ಸಂಕೋಚವಾಯಿತು. ಆದರೂ ತಮ್ಮ ಪುತ್ರರಿಗೆ ಫೋನಿನಲ್ಲಿ, "ಇನ್ನು ನನ್ನ ಕೈಲಾಗಲ್ಲ, ಡ್ರಿಪ್ ಹಾಕಿಸಿಬಿಡೋಣ" ಎಂದಳು.

ಸದರಿ ಮಾತು ಬಾಗಿಲ ಸಂದಿಯಿಂದ ತಮ್ಮ ಕಿವಿಗೆ ಬಿತ್ತು. ತಾವು ತಕ್ಷಣ ತಮ್ಮ ಮಗಳಿಗೆ ಫೋನ್ ಮಾಡಿ, ಸೊಸೆ ಒಳಗೊಳಗೇ ಸವೆದು ಹೋಗಿದ್ದಾಳೆ, ಡ್ರಿಪ್ ಹಾಕಿಸುವ ಮಟ್ಟಕ್ಕೆ ಬಂದಿದೆ, ಬಾಯಿಬಿಟ್ಟು ಹೇಳುತ್ತಿಲ್ಲ ಎಂದು ಕಣ್ಣೀರು ಹಾಕಿದ್ದು ಸರಿಯಷ್ಟೆ. ಮಗಳು ಕಿತ್ತಳೆ ಹಣ್ಣು, ಗ್ಲೂಕೋಸ್ ಪುಡಿ ಹಿಡಿದು ಓಡಿಬಂದರು. ಜೊತೆಗೆ ಬಂದ ತಮ್ಮ ಅಳಿಯಂದಿರು ತಾರಸಿಯ ಕುಂಡಗಳಲ್ಲಿ ಗಿಡ ಬೆಳೆಸುವವರಾದ್ದರಿಂದ, ಡ್ರಿಪ್ ಹಾಕಿಸಿದರೆ ನೀರು ನೇರ ಬುಡಕ್ಕೇ ಹೋಗುತ್ತದೆ, ಒಳ್ಳೆಯದೇ ಎಂದು ಅಭಿಪ್ರಾಯಪಟ್ಟರು. ಅರ್ಜಿದಾರಳಿಗೆ ಹಾಸಿಗೆಯಿಂದ ಕದಲಬಾರದೆಂದು ಆದೇಶವಾಯಿತು.

ಈ ಸಂಬಂಧ ಅರ್ಜಿದಾರಳು ವಿವರಣೆ ನೀಡುವಲ್ಲಿ ತಡಮಾಡಿರುವುದು ನಿಜ. ಕಿತ್ತಳೆ ಸುಲಿದು ಕೈಗೆ ಕೊಟ್ಟ ಮೇಲೆಯೇ ಆಕೆ ಬಾಯಿಬಿಟ್ಟದ್ದು.

5. ವಿಷಯ ತಿಳಿದು ತಮ್ಮ ಮಗಳು ನಕ್ಕು ನಕ್ಕು ಸುಸ್ತಾಗಿ, ಅವರ ಮನೆಯ ಅಟ್ಟದಲ್ಲಿ ಅಂಥದ್ದೇ ಹಳೆಯ ಯಂತ್ರವೊಂದು ಬಿದ್ದಿದೆ, ಮೊದಲು ಅದನ್ನಿಟ್ಟು ನೋಡಿ, ಹೊಂದಿದರೆ ಹೊಸದು ಕೊಳ್ಳಿ ಎಂದರು. ಆಗಲೇ ತಾವು ಉಲ್ಲೇಖ ಎರಡರ ಆದೇಶ ಹೊರಡಿಸಿದ್ದು. ಕಟ್ಟೆಯ ಮೇಲೆ ಮಿಕ್ಸಿ ಇದೆ, ಡಬ್ಬಿಗಳ ಸಾಲಿದೆ, ಮಾತು ನಿಂತುಹೋದ ರೇಡಿಯೋ ಇದೆ. ರೇಡಿಯೋವನ್ನು ಸರಿಸುವ ಪ್ರಶ್ನೆಯೇ ಇಲ್ಲ, ಅದು ಮಾವನವರದ್ದು. ಅರ್ಜಿದಾರಳೂ ಅದನ್ನು ಸರಿಸಲು ಎಂದೂ ಕೇಳಿಲ್ಲ. ಕೊನೆಗೆ ತಾವೇ ಗೇಣು ಹಾಕಿ ಅಳೆದು, ರೇಡಿಯೋದ ಪಕ್ಕ ಒಂದೂವರೆ ಗೇಣು ಜಾಗವನ್ನು ತಾತ್ಕಾಲಿಕವಾಗಿ ಬಿಟ್ಟುಕೊಟ್ಟಿರಿ. ಈ ಬಗ್ಗೆ ಅರ್ಜಿದಾರಳು ಚಿರಋಣಿ.

6. ಆಕ್ಷೇಪಣೆ ಬಂದದ್ದು ತಮ್ಮ ಪುತ್ರರಿಂದ. ಅಟ್ಟದಿಂದ ಬಂದ ಯಂತ್ರವನ್ನು ಒರೆಸುತ್ತಾ ಅವರು ಮುಖ ಸಣ್ಣದು ಮಾಡಿಕೊಂಡರು.

"ಮಿಷನ್ ಬಂದ್ರೆ ನಾನು ಕೊಟ್ಟ ಮಾತು ಮುರಿದ ಹಾಗಾಯ್ತಲ್ಲ."

"ಈಗೇನು ಉಳಿದಿದೆಯಾ?"

"ಈಗ ಬಾಕಿ ಇದೆ."

ಬಾಕಿ ಇರುವ ಕಡತ ಬೇರೆ, ವಜಾ ಆದ ಕಡತ ಬೇರೆ ಎಂಬುದು ಕಚೇರಿಯಲ್ಲಿ ದುಡಿಯುವ ಅರ್ಜಿದಾರಳಿಗೆ ಗೊತ್ತಿಲ್ಲದ್ದಲ್ಲ. ಆ ಮನುಷ್ಯ ಇಷ್ಟು ವರ್ಷವೂ ಆ ಮಾತನ್ನು ಜೇಬಿನಲ್ಲಿಟ್ಟುಕೊಂಡೇ ಲಿಫ್ಟಿನ ಗುಂಡಿಗಳಿಗೆ ಇಳಿಯುತ್ತಿದ್ದಾನೆಂದು ಆಕೆಗೆ ಅಂದೇ ತಿಳಿದದ್ದು. ಆದ್ದರಿಂದ ರಾಜಿಯಾಯಿತು. ಪಾಳಿಗೆ ಹೊರಡುವ ಮುನ್ನ ಪುಡಿ ಹಾಕುವುದು, ನೀರು ತುಂಬುವುದು, ಹೊತ್ತು ಗೊತ್ತುಮಾಡುವುದು ಅವರದೇ ಕೆಲಸ. ಯಂತ್ರ ಅವರ ಕೈಕೆಳಗಿನ ನೌಕರ ಮಾತ್ರ. ಹಾಗಾಗಿ ಕಾಫಿ ಕೊಟ್ಟವರು ಅವರೇ ಎಂದು ಪರಿಗಣಿಸತಕ್ಕದ್ದು. ಇದಕ್ಕೆ ಅವರು ಎಷ್ಟು ಹಿಗ್ಗಿದರೆಂದರೆ, ಮೆಟ್ಟಿಲಿಳಿಯುವಾಗ ಶಿಳ್ಳೆ ಹಾಕಿದ್ದು ಕೇಳಿಸಿತು.

7. ಮೊದಲ ಬೆಳಿಗ್ಗೆ ಜಗ್ಗು ಒಣಗಿತ್ತು. ಪುಡಿ ಇದ್ದಲ್ಲೇ ಇತ್ತು, ನೀರು ಇದ್ದಲ್ಲೇ ಇತ್ತು, ಯಂತ್ರದ ಗಡಿಯಾರ ಮಾತ್ರ ಹನ್ನೆರಡು, ಹನ್ನೆರಡು ಎಂದು ಮಿಣುಕುತ್ತಿತ್ತು. ಯಂತ್ರವನ್ನು ನಂಬಿ ಬೇರೆ ಕಾಫಿ ಮಾಡಿಕೊಳ್ಳದ ಅರ್ಜಿದಾರಳು ಬರಿಹೊಟ್ಟೆಯಲ್ಲಿ ಕಚೇರಿಗೆ ಹೋಗಿ, ಸೋರುವ ಕೊಳಾಯಿಯ ದೂರಿಗೆ "ದುರಸ್ತಿಯಾಗಿದೆ" ಎಂಬ ಮೊಹರು ಒತ್ತಿದಳು. ದೂರುದಾರರು ಮಧ್ಯಾಹ್ನ ಕಚೇರಿಗೇ ಬಂದು ಒದ್ದೆ ಚಪ್ಪಲಿ ತೋರಿಸಿದರು.

ಎರಡನೇ ಬೆಳಿಗ್ಗೆಯಿಂದ ಜಗ್ಗಿನ ತುಂಬ ಕಾಫಿ. ಎಂಥ ಕಾಫಿ ಅಂತೀರಿ! ಹದವಾದ ಬಿಸಿ, ಹದವಾದ ಕಹಿ. ಹಾಲೊಂದನ್ನು ಬೆರೆಸಿಕೊಂಡರೆ ಮುಗಿಯಿತು, ಸಕ್ಕರೆ ಸಮೇತ ಅರ್ಜಿದಾರಳ ಬಾಯಿಯ ಅಳತೆಗೇ ಬಂದಿರುತ್ತಿತ್ತು. ಪುಡಿಯ ಜೊತೆ ತಮ್ಮ ಪುತ್ರರೇ ಸಕ್ಕರೆಯನ್ನೂ ಹಾಕಿರಬೇಕೆಂದು ಆಕೆ ಭಾವಿಸಿ, ಮೆಟ್ಟಿಲ ತಿರುವಿನಲ್ಲಿ ಅವರ ಕೆನ್ನೆ ಚಿವುಟಿ ಹೋದಳು. ಅವರಿಗೆ ಕಾರಣ ಗೊತ್ತಾಗಲಿಲ್ಲ, ಆದರೆ ಆಕ್ಷೇಪಿಸಲೂ ಇಲ್ಲ. ಗಡಿಯಾರ ದಿನಾ ಹನ್ನೆರಡು ಎಂದು ಮಿಣುಕುವುದನ್ನು ಬಿಡಲಿಲ್ಲ. ಹಳೆಯ ಯಂತ್ರ, ಮರೆವು ಬಂದಿರಬೇಕು ಎಂದುಕೊಂಡು ತಮ್ಮ ಪುತ್ರರು ಪ್ರತಿ ಸಂಜೆ ಅದನ್ನು ಸರಿಮಾಡುತ್ತಿದ್ದರು.

8. ಯಂತ್ರ ಪರೀಕ್ಷೆಯಲ್ಲಿ ಪಾಸಾದ ಕಾರಣ, ಹೊಸದನ್ನು ಆರಿಸಲು ಅರ್ಜಿದಾರಳು ತನ್ನ ಮಗಳ ಸಮೇತ ಅಂಗಡಿಗೆ ಹೋದಳು. ಅಲ್ಲಿ ಕಂಡದ್ದು: ಗಾಜಿನ ಜಗ್ಗಿನದು, ಅಡಿಯಲ್ಲಿ ಬಿಸಿ ತಟ್ಟೆ ಇದ್ದು ಕಾಫಿಯನ್ನು ಕಾಯಿಸಿ ಕಾಯಿಸಿ ಕಷಾಯ ಮಾಡುವಂಥದ್ದು; ಸ್ಟೀಲ್ ಜಗ್ಗಿನದು, ಬೆಂಕಿಯಿಲ್ಲದೆ ಬಿಸಿ ಹಿಡಿದಿಡುವಂಥದ್ದು. ಒಂದು ಬಗೆಗೆ ದಿನಾ ಕಾಗದದ ಸೋಸುಕ ಬೇಕು, ಇನ್ನೊಂದಕ್ಕೆ ತೊಳೆದು ಮತ್ತೆ ಹಾಕುವ ಜಾಲರಿ. ಒಂದರ ಮುಚ್ಚಳ ಮೇಲಕ್ಕೆ ತೆರೆಯುತ್ತದೆ, ನಮ್ಮ ಗೂಡಿಗೆ ತಲೆ ಹೊಡೆಯುವುದು ಖಂಡಿತ. ಹನ್ನೆರಡು ಕಪ್ಪು ಹಿಡಿಯುತ್ತದೆ ಎಂದು ಅಂಗಡಿಯವರು ಹೇಳಿದಾಗ ತಮ್ಮ ಮೊಮ್ಮಗಳು "ಯಾರ ಕಪ್ಪು?" ಎಂದು ಕೇಳಿದಳು. ಗೊಂಬೆಯದ್ದಿರಬೇಕು. ಅಂಥ ಒಂದು ಕಪ್ಪು ನಮ್ಮ ಲೋಟದಲ್ಲಿ ಅರ್ಧಕ್ಕೂ ಬಾರದು.

ಸಕ್ಕರೆ ಎಲ್ಲಿ ಹಾಕಬೇಕೆಂದು ಅರ್ಜಿದಾರಳು ವಿಚಾರಿಸಲಾಗಿ ಅಂಗಡಿಯವರು ಆಕೆಯನ್ನು ಮೇಲಿಂದ ಕೆಳಗೆ ನೋಡಿದರು. ಪುಡಿಯ ಜೊತೆ ಸಕ್ಕರೆ ಹಾಕಿದರೆ ಸೋಸುಕ ಅಂಟುಗಟ್ಟಿ ನಿಲ್ಲುತ್ತದೆ, ಹಾಗೆ ಯಾರೂ ಹಾಕುವುದಿಲ್ಲ ಎಂದರು.

"ನಮ್ಮನೇದು ಸಕ್ಕರೆ ಸಮೇತ ಕೊಡುತ್ತಲ್ಲ."

"ಅಂಥ ಮಿಷನ್ ಇನ್ನೂ ಬಂದಿಲ್ಲ ಮೇಡಂ. ಬಂದ್ರೆ ನಾನೇ ಮೊದಲು ತಗೋತೀನಿ."

ಹನ್ನೆರಡು ಎಂದು ಮಿಣುಕುವುದೇಕೆ ಎಂದದ್ದಕ್ಕೆ, ಕರೆಂಟು ಹೋಗಿ ಬಂದಿರಬೇಕು, ಇಲ್ಲವೇ ಯಾರೋ ಸ್ವಿಚ್ ಆರಿಸುತ್ತಿರಬೇಕು, ಹಾಗಾದರೆ ಆ ಯಂತ್ರದಿಂದ ಬೆಳಿಗ್ಗೆ ಒಂದು ಹನಿಯೂ ಬರಲಾರದು ಎಂದರು. ಅರ್ಜಿದಾರಳು ಏನನ್ನೂ ಕೊಳ್ಳದೆ ಮನೆಗೆ ಬಂದಳು.

9. ಮಾರನೆಯ ದಿನ ಬೇಗ ಎದ್ದು, ಕೇಳಿದರೆ ಗೂಡಿನ ಎತ್ತರ ಅಳೆಯಲು ಬಂದೆ ಎನ್ನೋಣವೆಂದು ಟೇಪು ಹಿಡಿದು, ಸದ್ದಿಲ್ಲದೆ ಅಡುಗೆಮನೆಗೆ ಬರಲಾಗಿ ಅಲ್ಲಿ ತಾವು ಇದ್ದಿರಿ. ಒಂದು ಕೈ ನೋಯುವ ಮಂಡಿಯ ಮೇಲೆ, ಇನ್ನೊಂದರಲ್ಲಿ ಕಾಫಿ ಸೋಸುವ ಹಳೆಯ ಬಟ್ಟೆ. ಗ್ಯಾಸಿನ ಮೇಲೆ ಪಾತ್ರೆ. ಯಂತ್ರದ ಪ್ಲಗ್ಗಿನ ಸ್ವಿಚ್ಚು, ಮನೆಯ ಉಳಿದೆಲ್ಲ ಸ್ವಿಚ್ಚುಗಳಂತೆ, ತಾವು ಮಲಗುವ ಮುನ್ನ ಆರಿಸಿದ್ದು ಆರಿಸಿದ ಹಾಗೇ. ತಾವು ಸಕ್ಕರೆ ಕದಡಿ, ಯಂತ್ರದ ಜಗ್ಗಿಗೆ ಸುರಿದು, ಜಗ್ಗನ್ನು ಅದರ ತಟ್ಟೆಯ ಮೇಲಿಟ್ಟು, ಕೊನೆಗೆ ಸ್ವಿಚ್ಚು ಹಾಕಿದಿರಿ. ಹನ್ನೆರಡು ಮಿಣುಕತೊಡಗಿತು.

ತಿರುಗಿ ನೋಡಿದ ತಾವು ಬೆಚ್ಚಲಿಲ್ಲ. ತಡವಾಯ್ತೇನೋ ಅನ್ನುವ ಹಾಗೆ ಲೋಟ ಚಾಚಿದಿರಿ.

ಆಗ ತಾವು ಹೇಳಿಕೆ ಕೊಟ್ಟ ಪ್ರಕಾರ: ರಾತ್ರಿ ಕರೆಂಟಿನ ಸಾಮಾನನ್ನು ಅದರ ಪಾಡಿಗೆ ಬಿಟ್ಟು ಮಲಗಿದರೆ ತಮಗೆ ನಿದ್ದೆ ಹತ್ತುವುದಿಲ್ಲ. ಮೊದಲ ದಿನ ಬೆಳಿಗ್ಗೆ ಎದ್ದು ಸ್ವಿಚ್ಚು ಮತ್ತೆ ಹಾಕಿದರೂ ಸೊಸೆ ಕಾಫಿಯಿಲ್ಲದೆ ಹೋದದ್ದು ರಾತ್ರಿ ಅದನ್ನು ಆರಿಸಿದ್ದರಿಂದಲೇ ಎಂದು ತಿಳಿದು, ಎರಡನೇ ದಿನದಿಂದ ತಾವೇ ಕಾಯಿಸತೊಡಗಿದಿರಿ. ಆದರೂ ಆ ಸ್ವಿಚ್ಚನ್ನು ಬಿಟ್ಟು ಮಲಗಲು ಕೈ ಬರಲಿಲ್ಲ.

"ಅವನಿಗೆ ಹೇಳ್ಬೇಡ. ಮಿಷನ್ ಚೆನ್ನಾಗಿ ನಡೀತಿದೆ ಅಂತ ಹಿಗ್ಗಿದಾನೆ."

"ಅತ್ತೆ, ಹಾಗಾದ್ರೆ ಅವರ ಮಾತು?"

"ಅವನ ಮಾತಿಗೆ ಏನಾಗಿದೆ ಈಗ? ಪುಡಿ ಅವನು ಹಾಕಿದ್ದೇ, ಅದರಿಂದಲೇ ತೆಗೆದೆ. ನೀರು ಅವನು ತುಂಬಿದ್ದೇ. ಕಾಯಿಸಿದ್ದೊಂದು ನಾನು. ಆರಿಹೋಗುತ್ತೆ, ಕುಡಿ."

ಅರ್ಜಿದಾರಳು ನಿಂತಲ್ಲೇ ಕುಡಿದಳು. ಆ ದಿನ ಬಸ್ಸು ತಪ್ಪಿತು.

10. ಈ ಎಲ್ಲ ಕಾರಣಗಳಿಂದ, ಮತ್ತು ಕಾರಣಗಳಲ್ಲಿ ಸೇರಿಸಲು ಬಾರದ ತಮ್ಮ ಮಂಡಿನೋವಿನಿಂದ, ಅರ್ಜಿದಾರಳು ಕೋರುವುದೇನೆಂದರೆ:

(ಅ) ಸ್ಟೀಲ್ ಜಗ್ಗಿನ, ಜಾಲರಿ ಸೋಸುಕದ, ಮುಚ್ಚಳ ಪಕ್ಕಕ್ಕೆ ತೆರೆಯುವ ಡ್ರಿಪ್ ಯಂತ್ರವೊಂದನ್ನು ಕೊಳ್ಳಲು ಅನುಮತಿ ನೀಡುವುದು. ತಾವು ನಿಧಾನವಾಗಿ ಎದ್ದರೂ ತಮ್ಮ ಪಾಲು ಬಿಸಿಯಾಗಿರುತ್ತದೆ.

(ಆ) ರೇಡಿಯೋದ ಪಕ್ಕದ ಒಂದೂವರೆ ಗೇಣನ್ನು ಕಾಯಂ ಮಾಡುವುದು. ರೇಡಿಯೋ ಎಳ್ಳಷ್ಟೂ ಸರಿಯುವುದಿಲ್ಲ.

(ಇ) ಮಲಗುವ ಮುನ್ನ ಮನೆಯ ಎಲ್ಲ ಸ್ವಿಚ್ಚುಗಳನ್ನು ಎಂದಿನಂತೆ ಆರಿಸಿ, ಅದೊಂದನ್ನು ಮಾತ್ರ ಬಿಡುವುದು.

(ಈ) ಅದಕ್ಕೆ ಮನಸ್ಸು ಒಪ್ಪದಿದ್ದಲ್ಲಿ (ಅ) ಮತ್ತು (ಆ) ಕೋರಿಕೆಗಳನ್ನು ಕೈಬಿಡಲು ಅರ್ಜಿದಾರಳು ಸಿದ್ಧಳಿದ್ದಾಳೆ. ಆದರೆ ಆ ಪಕ್ಷದಲ್ಲಿ ಕದ್ದುಮುಚ್ಚಿ ಜಗ್ಗಿಗೆ ಸುರಿಯತಕ್ಕದ್ದಲ್ಲ. ಎರಡು ಲೋಟ ತೆಗೆದುಕೊಂಡು, ಎದುರಿಗೆ ಕೂತು, ತಾವೂ ಕುಡಿಯತಕ್ಕದ್ದು. ಜಡೆಯನ್ನು ಮೊಮ್ಮಗಳು ತಾನೇ ಹಾಕಿಕೊಳ್ಳುವುದಾಗಿ ಒಪ್ಪಿರುತ್ತಾಳೆ.

ತಮ್ಮ ಕೈಯ ಕಾಫಿಯನ್ನು ಯಂತ್ರದ್ದೆಂದು ಹೊಗಳಿದ,
ತಮ್ಮ ವಿಶ್ವಾಸಿ ಸೊಸೆ.

ಲಗತ್ತುಗಳು:
1. ಸ್ಟೀಲ್ ಜಗ್ಗಿನ ಯಂತ್ರದ ಚಿತ್ರ, ಅಂಗಡಿಯವರು ಕೊಟ್ಟದ್ದು.
2. ಗೂಡಿನ ಎತ್ತರ ತೋರಿಸುವ ದಾರದ ತುಂಡು. (ಟೇಪಿನ ಮೇಲಿನ ಅಂಕಿಗಳು ಅಳಿಸಿಹೋಗಿವೆ.)
3. ಮಂಡಿಗೆ ಹಚ್ಚುವ ಮುಲಾಮು.

ಪ್ರತಿ: ತಮ್ಮ ಪುತ್ರರಿಗೆ ಕಳುಹಿಸಿರುವುದಿಲ್ಲ, ಕಳುಹಿಸುವುದೂ ಇಲ್ಲ.

ಷರಾ: ಉಲ್ಲೇಖ ಒಂದರ ಮಾತಿನ ಈಗಿನ ಸ್ಥಿತಿ ಪರಿಶೀಲಿಸಲಾಯಿತು. ಇಂದು ಬೆಳಗಿನ ಮೊದಲ ಲೋಟವನ್ನು ಅರ್ಜಿದಾರಳು ಮಾಡಿಕೊಂಡಿಲ್ಲ. ಮಾತು ನಡೆದಿದೆ.