ಯಾರು ಮೊದಲು ಮಾತಾಡಬೇಕು?

ಆ ದಿನದ ರಗಳೆಗೆಲ್ಲ ಮೂಲ ಬೆಳಗಿನ ಒಂದು ಮಾತು.

"ಸಂಜೆ ರೈಲಿಗೆ ಬರೋಕಾಗುತ್ತೋ ಇಲ್ವೋ. ಕಚೇರೀಲಿ ಫೋನುಗಳ ಪರೀಕ್ಷೆ ಇದೆ" ಎಂದ ಮಧ್ಯಸ್ಥ.

ತವರಿಗೆ ಹೊರಡಲು ಬಟ್ಟೆ ಜೋಡಿಸುತ್ತಿದ್ದ ಹೆಂಡತಿ ಪೆಟ್ಟಿಗೆಯನ್ನೂ ಬಾಯನ್ನೂ ಒಟ್ಟಿಗೇ ಮುಚ್ಚಿದಳು. ಇವನೂ ಬಿಡಲಿಲ್ಲ. ಅವಳೇ ಮೊದಲು ಮಾತಾಡಲಿ ಎಂದು ಚಪ್ಪಲಿ ಮೆಟ್ಟಿ ಹೊರಟ.

ಮಧ್ಯಸ್ಥ ಅನ್ನುವುದು ಅವನ ಹೆಸರಲ್ಲ, ಕೆಲಸ. ಕಾರ್ಡ್‌ಲೆಸ್ ಫೋನುಗಳು ಮಾತಿನ ಜೊತೆಗೆ ಬರಹದ ಸಂದೇಶವನ್ನೂ ಕಳಿಸಬೇಕು, ಕೈಯಲ್ಲಿ ಹಿಡಿಯುವ ಹ್ಯಾಂಡ್‌ಸೆಟ್ಟು ಯಾವ ಕಂಪನಿಯದಾದರೂ ಅದನ್ನು ಕೂರಿಸುವ ಪೀಠ, ಅಂದರೆ ಬೇಸು, ಯಾವ ಕಂಪನಿಯದಾದರೂ ಎರಡೂ ಹೊಂದಿಕೊಂಡು ಹೋಗಬೇಕು. ಅದಕ್ಕೆ ಎಲ್ಲರೂ ಒಪ್ಪುವಂಥ ನಿಯಮ ಬರೆಯುವ ಕಚೇರಿ ಅವನದು. ಒಂದೇ ಅಡುಗೆಮನೆಗೆ ಬಂದ ಓರಗಿತ್ತಿಯರನ್ನು ಹೊಂದಿಸುವುದು ಇದಕ್ಕಿಂತ ಸುಲಭ.

ಮೇಜಿನ ಮೇಲೆ ಒಂದು ಕಂಪನಿಯಿಂದ ಬಂದ ಗಡ್ಡದ ಇಂಜಿನಿಯರರ ಬೇಸು, ಇನ್ನೊಂದು ಕಂಪನಿಯ ಕನ್ನಡಕದ ಇಂಜಿನಿಯರಮ್ಮನ ಹ್ಯಾಂಡ್‌ಸೆಟ್ಟು. ಗುಂಡಿ ಒತ್ತಿದರೆ ಎರಡೂ ಮುನಿಸಿಕೊಂಡ ಬೀಗರ ಹಾಗೆ ತೆಪ್ಪಗೆ ಕೂತವು.

"ನಮ್ಮ ಬೇಸು ತಾನಾಗಿ ಕರೆಯಲ್ಲ ಸಾರ್. ಹ್ಯಾಂಡ್‌ಸೆಟ್ಟು ಬಂದು ಕೇಳಿದ್ರೆ ಕೊಡುತ್ತೆ" ಎಂದರು ಗಡ್ಡದವರು.

"ನಮ್ಮದು ಯಾಕ್ರೀ ಕೇಳಬೇಕು? ಸಂದೇಶ ಇಟ್ಕೊಂಡಿರೋರು ಕರೀಲಿ!" ಎಂದರು ಕನ್ನಡಕದವರು.

"ಚೀಟಿ ಎತ್ತಿಬಿಡಿ" ಎಂದಳು ಪಕ್ಕದ ಮೇಜಿನ ಟೈಪಿಸ್ಟು, ಯಾರೂ ಕೇಳದಿದ್ದರೂ.

ಸಾಹೇಬರು ಬಾಗಿಲಲ್ಲಿ ತಲೆ ಹಾಕಿದರು. "ಐದಕ್ಕೆ ಬರ್ತೀನಿ. ಅಷ್ಟರೊಳಗೆ ಒಂದಕ್ಷರವಾದ್ರೂ ದಾಟಿರಬೇಕು. ಅಲ್ಲೀವರೆಗೆ ಯಾರೂ ಮನೆ ಕಡೆ ಮುಖ ಮಾಡೋ ಹಾಗಿಲ್ಲ."

ಮಧ್ಯಸ್ಥನ ಕಣ್ಣ ಮುಂದೆ ರೈಲು ಹೊರಟೇ ಹೋಯಿತು. ಊಟದ ಹೊತ್ತಿಗೆ ಕೈತೊಳೆಯುವ ನಲ್ಲಿಯ ಹತ್ತಿರ ಗಡ್ಡದವರನ್ನು ಹಿಡಿದ.

"ಸಾರ್, ನೀವೇ ದೊಡ್ಡ ಮನಸ್ಸು ಮಾಡಿ ಸೋತುಬಿಡಿ, ನಿಮ್ಮದೇ ಮೊದಲು ಕರೀಲಿ. ನನ್ನ ಸಂಸಾರದ ಪ್ರಶ್ನೆ. ಆ ಮೇಡಂಗೆ ಮಾತ್ರ ಗೊತ್ತಾಗೋದು ಬೇಡ."

ಗಡ್ಡ ಕರಗಿತು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ಟೈಪಿಸ್ಟು ಕಿವಿಯೂದಿದಳು: "ಆ ಗಡ್ಡಾನ ನಂಬ್ಕೊಂಡು ಕೂತ್ರಾ? ನೀವು ಕೆಟ್ರಿ ಬಿಡಿ."

ಮಧ್ಯಸ್ಥ ಮೆಟ್ಟಿಲ ಬಳಿಗೆ ಓಡಿ ಕನ್ನಡಕದವರ ಮುಂದೆಯೂ ಅದೇ ಮಾತು, ಅದೇ ದನಿಯಲ್ಲಿ ಒಪ್ಪಿಸಿದ.

"ಹೋಗ್ಲಿ ಬಿಡಪ್ಪಾ, ನನ್ನ ತಮ್ಮನ ಹಾಗಿದ್ದೀಯ" ಎಂದರು ಅವರು.

ಮಧ್ಯಾಹ್ನವೆಲ್ಲ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಅಗುಳಿ ಹಾಕಿಕೊಂಡು ಕೆಲಸ ಮಾಡಿದರು.

ಐದಕ್ಕೆ ಸಾಹೇಬರು ಗುಂಡಿ ಒತ್ತಿದರು. ಬೇಸು ಹ್ಯಾಂಡ್‌ಸೆಟ್ಟನ್ನು ಕರೆಯಿತು. ಅದೇ ಕ್ಷಣಕ್ಕೆ ಹ್ಯಾಂಡ್‌ಸೆಟ್ಟು ಬೇಸನ್ನು ಕರೆಯಿತು. ಎರಡೂ ಕೀಂ ಕೀಂ ಎಂದು ಒಟ್ಟಿಗೇ ಕೂಗಿಕೊಂಡವೇ ಹೊರತು ಕೇಳಿಸಿಕೊಳ್ಳುವವರು ಯಾರೂ ಇಲ್ಲ!

"ನಾನು ನಿಮ್ಮ ದಾರಿಗೆ ಬಂದೆನಲ್ರೀ!"

"ನಾನೂ ನಿಮ್ಮ ದಾರಿಗೇ ಬಂದಿದ್ದು!"

ಇಬ್ಬರೂ ಮಧ್ಯಸ್ಥನ ಕಡೆ ತಿರುಗಿದರು. ಸೋತು ದೊಡ್ಡವರಾಗಿದ್ದಾಗಿತ್ತು, ಮತ್ತೆ ಹಿಂದಕ್ಕೆ ಹೋಗಲು ಇಬ್ಬರೂ ಒಲ್ಲರು. ಸಾಹೇಬರು ತಲೆ ಹಿಡಿದುಕೊಂಡು, "ನಾಳೆ ಬೆಳಿಗ್ಗೆ ಮತ್ತೆ ಮೊದಲಿಂದ! ರಜೆ ಗಿಜೆ ಕೇಳಬೇಡ" ಎಂದು ಹೊರಟುಹೋದರು.

ಯಾರಾದರೂ ಒಬ್ಬರು, ಒಬ್ಬರೇ, ಸೋಲಬೇಕು ಎಂಬುದು ಮಧ್ಯಸ್ಥನಿಗೆ ಆಗ ಹೊಳೆಯಿತು. ಮನೆಯಲ್ಲಿ ನಾನೇ ಸೋಲುತ್ತೇನೆ ಎಂದುಕೊಂಡು ಕಚೇರಿಯ ಫೋನಿನಿಂದಲೇ ಹೆಂಡತಿಗೆ ಫೋನು ಮಾಡಿದ. ಎಂಗೇಜು. ಮತ್ತೆ ಮಾಡಿದ. ಎಂಗೇಜು. ಬೆರಳು ನೋಯುವವರೆಗೂ ಒತ್ತಿ, 'ತಾಯಿ ಹತ್ರ ನನ್ನ ದೂರು ಹೇಳ್ತಿದ್ದಾಳೆ' ಎಂದು ಗೊಣಗುತ್ತ ಮನೆಗೆ ನಡೆದ.

ಹೆಂಡತಿ ಇನ್ನೂ ಫೋನಿನ ಮುಂದೆಯೇ ನಿಂತಿದ್ದಳು.

"ಯಾರ ಹತ್ರ ಹರಟೆ ಹೊಡೀತಿದ್ರಿ? ಹೋಗ್ಲಿ ಅಂತ ನಾನೇ ಸೋತು ಫೋನ್ ಮಾಡಿದ್ರೆ ಒಂದೇ ಸಮ ಎಂಗೇಜು!"

"ನಾನೂ ನಿನಗೇ ಮಾಡ್ತಿದ್ದೆ ಕಣೇ, ಸೋತು!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಮುಗಿದ ಮೇಲೆ ಅವನು ಕೇಳಿದ, "ಅಂದ ಹಾಗೆ, ಏನು ಹೇಳೋಕೆ ಮಾಡಿದ್ದೆ?"

ಹೆಂಡತಿಯ ಮುಖ ಬಿಳಿಚಿಕೊಂಡಿತು. "ಅಯ್ಯಯ್ಯೋ! ನಾವು ಬರೋದು ಅನುಮಾನ ಅಂತ ಫೋನಲ್ಲಿ ಹೇಳಿದ್ದಕ್ಕೆ ಅಮ್ಮನೇ ಹೊರಟು ಬಂದಿದ್ದಾಳೆ! ಕಚೇರಿಯಿಂದ ಹಾಗೇ ಸ್ಟೇಷನ್ನಿಗೆ ಹೋಗಿ ಕರ್ಕೊಂಡು ಬನ್ನಿ ಅನ್ನೋಕೆ!"

ಮಧ್ಯಸ್ಥ ಬಿದ್ದಂಬೀಳ ಓಡಿದ. ಖಾಲಿ ಪ್ಲಾಟ್‌ಫಾರಮ್ಮಿನಲ್ಲಿ ಅತ್ತೆ ಟ್ರಂಕಿನ ಮೇಲೆ ಕೂತಿದ್ದರು. ಯಾರು ಮೊದಲು ಮಾತಾಡಬೇಕೆಂಬ ಪ್ರಶ್ನೆಯೇ ಅಲ್ಲಿ ಏಳಲಿಲ್ಲ. ಟ್ರಂಕು ಹೊತ್ತು ಮನೆ ಮುಟ್ಟುವವರೆಗೂ ಮಧ್ಯಸ್ಥ ಬಾಯಿ ಬಿಡಲಿಲ್ಲ. ಅತ್ತೆಯ ಸಂದೇಶ ಮಾತ್ರ ಒಂದಕ್ಷರವೂ ಬಿಟ್ಟುಹೋಗದಂತೆ ಅವನಿಗೆ ತಲುಪಿತು.