ಹೊಸ್ತಿಲ ಮೇಲಿನ ಇಂಗ್ಲಿಷು

ಇಂಗ್ಲಿಷ್ ದೊರೆಗೇ ಇಂಗ್ಲಿಷ್ ತಿದ್ದಿ, ಏಟು ತಿನ್ನದೆ ಮನೆಗೆ ಬಂದು ಮುದ್ದೆ ಉಂಡ ನೇಕಾರ ಈ ಭೂಮಿಯ ಮೇಲೆ ಒಬ್ಬನೇ. ಅವನು ನನ್ನ ಸೋದರಮಾವ. ಹಾಗಂತ ಮಾಮನಿಗೆ ಇಂಗ್ಲಿಷ್ ಬರುತ್ತಿತ್ತು ಎಂದುಕೊಳ್ಳಬೇಡಿ. ಬರುತ್ತಿದ್ದದ್ದು ಪ್ರಶ್ನೆ ಮಾತ್ರ. ಉತ್ತರವೂ ಇಂಗ್ಲಿಷಿನಲ್ಲೇ ಬಂದರೆ ಮಿಕಮಿಕ ನೋಡುತ್ತಿದ್ದ.

ಆಗಿನ್ನೂ ಚಳ್ಳಕೆರೆಯ ಕಡೆಗೆ ಮೋಟಾರು ಬಂದಿರಲಿಲ್ಲ. ಮೊಳಕಾಲ್ಮೂರಿನಲ್ಲಿ ಮಾಮ ರೇಷ್ಮೆ ಸೀರೆ ನೇಯುವುದು, ನಾನು ಗಂಟು ಕಟ್ಟಿಕೊಂಡು ಊರೂರು ತಿರುಗಿ ಮಾರುವುದು, ಚಳ್ಳಕೆರೆಯಲ್ಲಿ ಕಂಬಳಿ ಕೊಂಡು ವಾಪಸಾಗುವುದು, ಇದು ನಮ್ಮ ಬಾಳು. ಅಪ್ಪ ನನಗೆ ಬಿಟ್ಟುಹೋದದ್ದು ಎರಡು ಕಾಲು. ಉಳಿದದ್ದನ್ನೆಲ್ಲ ನಾಲಿಗೆಯಿಂದ ಸಂಪಾದಿಸಿದೆ. ಒಂದು ಕಡೆ ಕೂತರೆ ಅಂಗಾಲು ತುರಿಸುತ್ತಿತ್ತು. ಮಳಿಗೆ ಹಾಕಿಕೊಂಡು ತಣ್ಣಗೆ ಕೂರು ಎಂದವರಿಗೆ, ಕೂತ ಎತ್ತಿಗೆ ಮೇವು ಯಾರು ಹಾಕುತ್ತಾರೆ ಎನ್ನುತ್ತಿದ್ದೆ. ವ್ಯಾಪಾರಕ್ಕೆ ಇಳಿಯುವವರಿಗೆ ನನ್ನದೊಂದು ಬುದ್ಧಿಮಾತು ಉಂಟು, ಸೆರಗಿಗೆ ಕಟ್ಟಿಕೊಳ್ಳಿ: ಹೋಗುವ ಊರಿನ ಹೆಸರನ್ನು ಯಾರಿಗೂ ಹೇಳಬೇಡಿ. ಹೇಳಿದಿರೋ, ನೀವು ಅಲ್ಲಿ ಮುಟ್ಟುವ ಮೊದಲೇ ಇನ್ನೊಬ್ಬನ ಗಂಟು ಬಿಚ್ಚಿರುತ್ತದೆ.

ಇಂಥ ಜಾಣನ ಗಂಟು ಪ್ರತಿಸಲವೂ ಮಾಮನ ಹೊಸ್ತಿಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಬಾಗಿಲ ಪಕ್ಕದಲ್ಲೇ ಅವನ ಮಗ್ಗದ ಗುಂಡಿ. ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತರೆ ತಲೆ ನೆಲದಿಂದ ತುಸುವೇ ಮೇಲೆ. ನಾನು ಗಂಟಿಗೆ ಕೈ ಹಾಕಿದ ಕೂಡಲೇ ಲಾಳಿ ನಿಲ್ಲುತ್ತಿತ್ತು, ಗಂಟಿನ ಮೇಲೆ ಅವನ ಕೈ ಬೀಳುತ್ತಿತ್ತು.

“ವೇರ್ ಆರ್ ಯೂ ಗೋಯಿಂಗ್?”

ನಮ್ಮ ಸೀಮೆಯಲ್ಲಿ ಹೊರಟವನನ್ನು ‘ಎಲ್ಲಿಗೆ’ ಎಂದು ಕೇಳುವ ಪದ್ಧತಿಯೇ ಇಲ್ಲ ಎಂಬುದು ನಿಮಗೆ ಗೊತ್ತು. ಕೇಳಿದರೆ ಕೆಲಸ ಕೆಟ್ಟಂತೆ. ಕೇಳಿಸಿಕೊಂಡವನು ಒಳಗೆ ಹೋಗಿ, ಕೂತು, ನೀರು ಕುಡಿದು ಹೊಸದಾಗಿ ಹೊರಡಬೇಕು. ಆಚೆಮನೆಯ ಅಜ್ಜಿ ಮೊದಲ ಸಲ ಇದನ್ನು ಕೇಳಿ ಜಗಲಿಯಿಂದಲೇ ಗದರಿದ್ದಳು.

“ಹೊರಟ ಮಗನ್ನ ಎಲ್ಲಿಗೆ ಅಂತ ಕೇಳ್ತೀಯಲ್ಲೋ, ನಿನ್ನ ಬಾಯಿಗಿಷ್ಟು ಮಣ್ಣು ಹಾಕ.”

“ಎಲ್ಲಿಗೆ ಅಂದ್ನಾ ನಾನು? ಎಕ್ಕಡಿಕಿ ಅಂದ್ನಾ?” ಮಾಮ ಕತ್ತು ಎತ್ತಿದ. “ಅಪಶಕುನ ಕನ್ನಡಕ್ಕೈತೆ, ತೆಲುಗಿಗೈತೆ. ಇಂಗ್ಲಿಷಿಗೆ ಎಲ್ಲೈತೆ ತೋರಿಸು. ಶನಿಗೇನು ಇಂಗ್ಲಿಷ್ ಬರುತ್ತಾ?”

ಅಜ್ಜಿ ತಬ್ಬಿಬ್ಬಾದಳು. ಶನಿಗೆ ಯಾವ ಯಾವ ಭಾಷೆ ಬರುತ್ತದೆಂದು ಅವಳು ವಿಚಾರಿಸಿರಲಿಲ್ಲ.

ನಾನು ನನ್ನ ಬುದ್ಧಿಮಾತಿನಂತೆ, “ಇಲ್ಲೇ ಮಾಮ, ಸುತ್ತಮುತ್ತ” ಎನ್ನುತ್ತಿದ್ದೆ.

“ಸುತ್ತಮುತ್ತ ಅನ್ನೋ ಊರು ಯಾವ ತಾಲೂಕಲ್ಲೈತೆ ಲೇ ಅಳಿಯ?”

ಊರಿನ ಹೆಸರು ಬೀಳುವ ತನಕ ಗಂಟು ಸಿಗುತ್ತಿರಲಿಲ್ಲ. ಬಾಯಿಗೆ ಬಂದ ಯಾವುದೋ ಊರನ್ನು ಎಸೆದು ನಾನು ಓಡುತ್ತಿದ್ದೆ. ತಳಕು ಎಂದು ಹೇಳಿ ರಾಯದುರ್ಗದ ದಾರಿ ಹಿಡಿದದ್ದೂ ಉಂಟು.

ಈ ವಿದ್ಯೆ ಅವನಿಗೆ ಅಂಟಿದ್ದು ಬಳ್ಳಾರಿ ದಂಡಿನಲ್ಲಿ, ಇಂಗ್ಲಿಷರ ಬಂಗಲೆಗಳ ಸಾಲಿನಲ್ಲಿ. ಅಲ್ಲೊಬ್ಬ ದೊರೆಸಾನಿಯ ಬಟ್ಲರ್ ಗೇಟಿನಲ್ಲಿ ನಿಂತು ಹೋಗುವವರನ್ನು ಬರುವವರನ್ನೆಲ್ಲ “ವೇರ್ ಯೂ ಗೋಯಿಂಗ್” ಎಂದು ತಡೆಯುತ್ತಿದ್ದನಂತೆ. ಮಾಮ ಅದನ್ನು ಜೋಪಾನವಾಗಿ ಊರಿಗೆ ತಂದ. ಆದರೆ ಚಳ್ಳಕೆರೆಯ ಮೇಷ್ಟರೊಬ್ಬರು, “ಇದರಲ್ಲಿ ಒಂದು ಎಳೆ ಬಿಟ್ಟುಹೋಗಿದೆಯಲ್ಲರಿ, ‘ಆರ್’ ಬೇಕು, ಅದೂ ‘ಯೂ’ಗಿಂತ ಮುಂಚೆ” ಎಂದುಬಿಟ್ಟರು. ಎಳೆ ಬಿಟ್ಟಿದೆ ಎಂದು ನೇಕಾರನಿಗೆ ಹೇಳಬಹುದೇ? ಅಂದಿನಿಂದ ಮಾಮನಿಗೆ ನಿದ್ದೆ ಹೋಯಿತು. ಬಣ್ಣಬಣ್ಣದ ನೂಲಿನ ಕಂಡಿಕೆಗಳನ್ನು ಸಾಲಾಗಿ ಇಟ್ಟುಕೊಂಡು, ಕೆಂಪು ವೇರ್, ಹಸಿರು ಆರ್, ಹಳದಿ ಯೂ ಎಂದು ಅಭ್ಯಾಸ ಮಾಡಿದ. ಅತ್ತೆ ಗೊತ್ತಿಲ್ಲದೆ ಹಸಿರು ಕಂಡಿಕೆ ತೆಗೆದು ನೂಲು ಸುತ್ತಲು ಕೂತರೆ, “ಆರ್ ಎತ್ತಿಕೊಂಡು ಹೋದ್ಯಲ್ಲೇ” ಎಂದು ಮನೆಯೆಲ್ಲ ಹುಡುಕುತ್ತಿದ್ದ. ನನಗೂ ಪಾಠವಾಯಿತು. “ನಮ್ಮಲ್ಲಿ ಆಸಾಮಿ ಮುಂದೆ ಬರ್ತಾನೆ, ಕೆಲಸ ಹಿಂದೆ. ಇಂಗ್ಲಿಷಲ್ಲಿ ಪ್ರಶ್ನೆ ಕೇಳಬೇಕಾದ್ರೆ ಆಸಾಮೀನ ಹಿಂದಕ್ಕೆ ತಳ್ಳಬೇಕು.” ಸಾಲ ವಸೂಲಿಗೂ ಇದೇ ಕ್ರಮ ತಾನೇ ಎಂದು ನಾನು ಕೇಳಿದ್ದಕ್ಕೆ ಕಂಡಿಕೆಯಿಂದಲೇ ಹೊಡೆದ.

ಒಮ್ಮೆ ಮಾಮ ಹಟಮಾಡಿ ನನ್ನ ಜೊತೆಗೇ ಬಾಡಿಗೆ ಗಾಡಿ ಹತ್ತಿದ. ಚಳ್ಳಕೆರೆಯ ಕಂಬಳಿ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಒಂದು ಕಂಬಳಿಯ ಮರೆಯಲ್ಲಿ ಕೈಯೊಳಗೆ ಕೈ ಇಟ್ಟು, ಬೆರಳು ಹಿಚುಕಿ ವ್ಯಾಪಾರ. ಮುಖದ ಮೇಲೆ ಏನೂ ಕಾಣಿಸಬಾರದು. ಮಳೆ ಬೆಳೆ ಮಾತಾಡುತ್ತಿರಬೇಕು. ಕೇಳಿದವನು ಸೋತ, ಇದು ಸಂತೆಯ ಸೂತ್ರ. ನಾನು ಕುರುಬರ ಯಜಮಾನರೊಬ್ಬರ ಬೆರಳು ಹಿಡಿದು ಇನ್ನೇನು ಒಪ್ಪಿಸಬೇಕು, ಹಿಂದಿನಿಂದ ಮಾಮನ ಧ್ವನಿ ಬಂತು: “ಹೌ ಮಚ್ ಯೂ ಆರ್...” ತಡೆದ. ತಲೆ ಕೆರೆದ. “ಅಲ್ಲಲ್ಲ. ಆಸಾಮಿ ಹಿಂದಕ್ಕೆ. ಹೌ ಮಚ್ ಆರ್ ಯೂ ಗಿವಿಂಗ್?”

ಯಜಮಾನರು ಬೆರಳು ಕಿತ್ತುಕೊಂಡರು. “ಇವ್ರು ಯಾರ್ರಿ? ಸರ್ಕಾರದೋರಾ?”

“ನಮ್ಮ ಮಾಮ ಕಣ್ರಿ.”

“ಹಂಗಾದ್ರೆ ಬ್ಯಾಡ ಬಿಡ್ರಿ. ಮನೇಲಿ ಇಂಗ್ಲಿಷ್ ಇರೋರ ಹತ್ರ ನಮಗ್ಯಾಕೆ ವ್ಯವಹಾರ.”

ಬರಿಗೈಲಿ ಗಾಡಿ ಹೊಡೆದೆ. ನನ್ನಿವಾಳ ದಾಟುವ ತನಕ ಸಿಟ್ಟನ್ನು ಎತ್ತುಗಳ ಮೇಲೆ ತೀರಿಸಿಕೊಂಡೆ. ಕುದಾಪುರದ ಹತ್ತಿರ, ವರವು ಕಾವಲಿನ ಹುಲ್ಲುಗಾವಲಲ್ಲಿ, ಜಿಂಕೆ ಬೇಟೆಗೆ ಬಂದಿದ್ದ ದೊರೆಯೊಬ್ಬ ಕುದುರೆಯ ಮೇಲೆ ಎದುರಾದ. ಗಾಡಿ ಕಂಡು, “ಯೂ ಆರ್ ಗೋಯಿಂಗ್ ವೇರ್?” ಎಂದು ನಮ್ಮಂಥವರಿಗೆ ತಿಳಿಯಲೆಂದು ಒಡೆದೊಡೆದು ಕೇಳಿದ. ನಾನು ಇಳಿದು ಕೈಮುಗಿದೆ. ಮಾಮ ಇಳಿಯಲಿಲ್ಲ. ಕರುಣೆಯಿಂದ ತಲೆಯಾಡಿಸಿದ.

“ನೋ ಸರ್. ವೇರ್ ಆರ್ ಯೂ ಗೋಯಿಂಗ್.”

ನಾನು ಮನಸ್ಸಿನಲ್ಲೇ ಅತ್ತೆಗೆ ಸಮಾಧಾನ ಹೇಳುವ ಮಾತು ಜೋಡಿಸತೊಡಗಿದೆ. ದೊರೆ ಕೆಂಪಗಾದ, ಆಮೇಲೆ ಕುದುರೆ ಬೆದರುವಂತೆ ನಕ್ಕ. ಮಾಮ ಹೇಳಿಕೊಟ್ಟಂತೆಯೇ ಇನ್ನೊಮ್ಮೆ ಕೇಳಿದ. “ಮೊಳಕಾಲ್ಮೂರ್, ಸರ್” ಎಂದು ಮಾಮ ಉತ್ತರ ಕೊಟ್ಟು, ತನ್ನ ಸರದಿ ಬಂದಂತೆ ದೊರೆಯನ್ನೂ ಕೇಳಿದ. ದೊರೆ ಬೆಟ್ಟದ ಕಡೆ ಚಾವಟಿ ತೋರಿಸಿ ಹೋದ. ಮಾಮ ಗಾಡಿಯಲ್ಲಿ ಎದ್ದು ನಿಂತು, ಆ ಕುದುರೆ ಕಾಣುವಷ್ಟು ದೂರವೂ ನೋಡುತ್ತಿದ್ದ. “ಹೇಳಿದ ದಿಕ್ಕಿಗೇ ಹೋದ ಕಣ್ಲೇ” ಎಂದು ಕೂತ. ಅದರಲ್ಲೇನು ಅಷ್ಟು ಸಂತೋಷವೋ ನನಗೆ ತಿಳಿಯಲಿಲ್ಲ.

ಮನೆಗೆ ಬಂದವನೇ ಅಡುಗೆಮನೆಗೆ ಹೋಗಿ ಅತ್ತೆಗೆ ಖಂಡತುಂಡವಾಗಿ ಹೇಳಿದೆ. “ಅತ್ತೆ, ನಾಳೆಯಿಂದ ಬೇರೆ ಮನೆ ಸೀರೆ ಹೊರ್ತೀನಿ. ಸಂತೆ ಕೆಡಿಸಿದ, ಬಿಟ್ಟೆ. ಹೊಸ್ತಿಲಲ್ಲಿ ಈ ಪೊಲೀಸ್ ವಿಚಾರಣೆ ಮಾತ್ರ ನನ್ನ ಕೈಲಾಗಲ್ಲ.”

ಅತ್ತೆ ಮುದ್ದೆ ತಿರುವುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ನಿನ್ನ ಚಿಕ್ಕಮಾಮ ನೆನಪೈತಾ?”

ಮುಖ ನೆನಪಿರಲಿಲ್ಲ. ಮಾಮನ ತಮ್ಮನೊಬ್ಬ ನಾನು ಕೂಸಾಗಿದ್ದಾಗ ಮನೆ ಬಿಟ್ಟು ಹೋದ, ತಿರುಗಿ ಬರಲಿಲ್ಲ ಎಂಬಷ್ಟೇ ಗೊತ್ತು. ಅದನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ.

“ಬೆಳಿಗ್ಗೆ ಸೀರೆ ಗಂಟು ಹೊತ್ಕೊಂಡು ಹೊರಟ. ಈವಯ್ಯ, ನಿನ್ನ ಮಾಮ, ಮಗ್ಗದ ಗುಂಡಿಯಾಗೆ ಇದ್ದ. ಗುಂಡಿಯಾಗೆ ಕುಂತೋರಿಗೆ ಬಾಗಿಲಲ್ಲಿ ಹೋಗೋರ ಕಾಲು ಕಾಣ್ತಾವೆ, ಅಷ್ಟೇ. ತಮ್ಮನ ಕಾಲು ಕಂಡ್ವು. ಎಲ್ಲಿಗೆ ಅಂತ ನಾಲಿಗೆ ತುದಿಗೆ ಬಂದಿತ್ತಂತೆ. ಹೊರಟೋನ್ನ ಕೇಳಬಾರದು ಅಂತ ನುಂಗಿಕೊಂಡು ಲಾಳಿ ಎಸೆದ. ಆಮೇಲೆ ಹುಡುಕೋಣ ಅಂದ್ರೆ ಯಾವ ದಿಕ್ಕಿಗೆ ಹೋಗ್ತೀಯಪ್ಪ? ಈವಯ್ಯ ಹುಡುಕ್ಕೊಂಡು ದುರ್ಗಕ್ಕೆ ಹೋದ, ರಾಯದುರ್ಗಕ್ಕೆ ಹೋದ. ಬಳ್ಳಾರೀಲಿ ಗೇಟು ಗೇಟಿಗೆ ನಿಂತು ಹುಡುಕುವಾಗ ಆ ಬಟ್ಲರ್ ಸಿಕ್ಕಿದ್ದು. ಬಂದೋನೇ ನನಗಂದಿದ್ದು ಒಂದೇ ಮಾತು. ‘ಅಪಶಕುನ ಇಲ್ಲದೆ ಕೇಳೋಕೆ ಒಂದು ದಾರಿ ಐತೆ ಕಣೆ’ ಅಂತ.”

ಮುದ್ದೆ ತಟ್ಟೆಗೆ ಬಿತ್ತು. ತಟ್ಟೆ ಎಳೆದುಕೊಂಡು ಉಂಡೆ.

ಬೆಳಿಗ್ಗೆ ಎದ್ದು ಗಂಟಿಗೆ ಕೈ ಹಾಕಿದೆ. ಲಾಳಿ ನಿಂತಿತು. ಅವನು ಬಾಯಿ ತೆರೆಯುವ ಮೊದಲೇ ನಾನು ಒದರಿದೆ: “ಚಳ್ಳಕೆರೆಗೆ ಮಾಮ. ತಳಕಿನ ಮೇಲೆ ಹೋಗಿ, ನಾಯಕನಹಟ್ಟಿಯಲ್ಲಿ ಇಳ್ಕೊಂಡು...”

“ನಿಲ್ಲು ಲೇ.” ಮಾಮನಿಗೆ ಸಿಟ್ಟು ಬಂತು. “ಕೇಳೋಕೆ ಮುಂಚೇನೇ ಉತ್ತರ ಹೇಳ್ತಾರಾ? ಕ್ರಮ ಐತೋ ಇಲ್ವೋ? ಒಳಗೆ ಹೋಗು. ಮತ್ತೆ ಹೊರಡು.”

ಅಪಶಕುನವಾದವನಂತೆ ನಾನು ಒಳಗೆ ಹೋದೆ. ಕೂತೆ. ಅತ್ತೆ ನೀರಿನ ಚೊಂಬು ಮುಂದಿಟ್ಟಳು. ಕುಡಿದು ಮತ್ತೆ ಹೊರಟೆ.

“ವೇರ್ ಆರ್ ಯೂ ಗೋಯಿಂಗ್?”

ಒಂದು ಎಳೆಯೂ ತಪ್ಪಿರಲಿಲ್ಲ. ಊರು ಹೇಳಿದೆ, ದಾರಿ ಹೇಳಿದೆ, ಇಳಿದುಕೊಳ್ಳುವ ಮನೆ ಹೇಳಿದೆ, ತಿರುಗಿ ಬರುವ ವಾರ ಹೇಳಿದೆ. ಮಾಮ ಒಂದೊಂದಕ್ಕೂ ತಲೆಯಾಡಿಸಿ, ಗಂಟಿನ ಮೇಲಿಂದ ಕೈ ತೆಗೆದ.

ಹೋಗುವ ಊರನ್ನು ಹೇಳಬೇಡಿ ಎಂಬ ನನ್ನ ಬುದ್ಧಿಮಾತು ಸಂತೆಗೆ ಈಗಲೂ ಸರಿಯೇ. ಮನೆಯ ಬಾಗಿಲಿಗೆ ಅದನ್ನು ಒಯ್ಯಬೇಡಿ. ಆ ದಿನ ಕತ್ತಲಾಗುವ ಮೊದಲು ತಳಕು ಮುಟ್ಟಬೇಕಿತ್ತು, ಅಂಗಾಲು ತುರಿಸುತ್ತಲೇ ಇತ್ತು. ಆದರೂ ಬಾಗಿಲ ಮುಂದೆ ಹಾಯುವಾಗ ನಿಧಾನವಾಗಿ ನಡೆದೆ. ಗುಂಡಿಯಲ್ಲಿ ಕೂತವನಿಗೆ ಕಾಣುವುದು ಕಾಲುಗಳು ಮಾತ್ರ.