ಬಾರದ ನಲವತ್ತು ಎದುರಾಳಿಗಳ ಕುರಿತು ಆಯ್ಕೆ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ, ದಂತವೈದ್ಯರೇ, ಪ್ರೌಢಶಾಲೆಯ ಕುಸ್ತಿ ಕೋಣೆಯ ಗೋಡೆಯ ಸದ್ಯದ ಒಡೆಯರೇ,

ತಮ್ಮ ಪಾದಾರವಿಂದಗಳಿಗೆ, ಅವು ಎಂದೂ ಕುಸ್ತಿ ಮ್ಯಾಟಿನ ಮೇಲೆ ಇಳಿದಿಲ್ಲವೆಂಬುದನ್ನು ತಿಳಿದೂ, ಈ ಬೋರ್ಡ್ ಬರೆಯುವವನ ನಮಸ್ಕಾರಗಳು. ಗೋಡೆಯ ಮೇಲಿನ ಎರಡನೆಯ ಸಾಲನ್ನೂ ಅದರ ಕೆಳಗಿನ ಸೊಟ್ಟ ಹೆಸರನ್ನೂ ಏಕೆ ಅಳಿಸಿಲ್ಲ, ಮೂರು ದಿನದೊಳಗೆ ವಿವರಣೆ ಕೊಡಿ ಎಂದು ತಾವು ಕಳಿಸಿದ ನೋಟೀಸು ಕೈಸೇರಿತು. ಇದು ತಮ್ಮ ಹಾಗೂ ನನ್ನ ನಡುವಿನ ಮಾತಾಗಿದ್ದರೆ ಕಿವಿಯಲ್ಲೇ ಹೇಳಿ ಮುಗಿಸುತ್ತಿದ್ದೆ. ಆದರೆ ಗೋಡೆ ಎಲ್ಲರದಾದ್ದರಿಂದ ಉತ್ತರವೂ ಎಲ್ಲರೆದುರಿಗೇ ಇರಲಿ ಎಂದು ಈ ಬಹಿರಂಗ ಪತ್ರ.

ಶಾಲೆಗೆ ಐವತ್ತು ವರ್ಷ ತುಂಬಿದ ನೆನಪಿಗೆ, ಈವರೆಗೆ ಇಲ್ಲಿ ಕುಸ್ತಿ ಆಡಿದವರಲ್ಲಿ ಶ್ರೇಷ್ಠರಾದ ಒಬ್ಬರ ಹೆಸರನ್ನು ಗೋಡೆಗೆ ಬರೆಸಬೇಕೆಂದು ತಾವು ನಿರ್ಧರಿಸಿದ್ದು ಎಲ್ಲರಿಗೂ ತಿಳಿದದ್ದೇ. ಸೋಮವಾರ ನಾಲ್ಕು ಗಂಟೆಗೆ ಬಣ್ಣ, ಬ್ರಷ್ಷು ಹಿಡಿದು ಬನ್ನಿ, ಅರ್ಧ ಗಂಟೆಯ ಕೆಲಸ ಎಂದು ನನಗೆ ಹೇಳಿಕಳಿಸಿದಿರಿ. ಬಂದೆ. ಬುಧವಾರ ಸಂಜೆಯವರೆಗೂ ಸಭೆ ನಡೆಯುತ್ತಿದ್ದ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತೇ ಇದ್ದೆ. ಒಳಗೆ ಫ್ಯಾನು ಕೆಟ್ಟಿದ್ದರಿಂದ ತಾವು ಕಿಟಕಿಗಳನ್ನು ತೆರೆಸಿದ್ದಿರಿ. ಹೀಗಾಗಿ ಕದ್ದು ಕೇಳುವ ಶ್ರಮವನ್ನೂ ತಾವೇ ತಪ್ಪಿಸಿದಿರಿ. ಅದಕ್ಕಾಗಿ ಪ್ರತ್ಯೇಕ ಕೃತಜ್ಞತೆಗಳು.

ಎಂಥ ಚರ್ಚೆ ಸ್ವಾಮಿ ಅದು! ಮೊದಲ ದಿನ ಗಣಿತದ ಮೇಷ್ಟ್ರು ಹೈಸ್ಕೂಲು ಕುಸ್ತಿಯ ಶ್ರೇಷ್ಠತೆಯನ್ನು ಒಂದು ಸೂತ್ರಕ್ಕೆ ಇಳಿಸಿದರು: ಗೆದ್ದ ಪಂದ್ಯಗಳನ್ನು ಸೋತ ಪಂದ್ಯಗಳಿಂದ ಭಾಗಿಸಬೇಕು. ಬುಲ್ಡೋಜರ್ ಎಂದು ಊರೆಲ್ಲ ಕರೆಯುವ ತಮ್ಮ ಖಾಸಾ ತಮ್ಮನವರು ಹದಿನೈದು ವರ್ಷದ ಹಿಂದೆ ಈ ಶಾಲೆಯ ಅತಿ ಭಾರದ ವರ್ಗದಲ್ಲಿ ಅರವತ್ತೆರಡು ಗೆದ್ದು, ಒಂದನ್ನೂ ಸೋತಿಲ್ಲವಾದ್ದರಿಂದ ಸೊನ್ನೆಯಿಂದ ಭಾಗಿಸಬೇಕಾಗಿ ಬಂತು. ಮೇಷ್ಟ್ರು ಕರಿಹಲಗೆಯ ಮೇಲೆ ಅನಂತದ ಗುರುತು ಹಾಕಿ, ಅದಕ್ಕೆ ಬೆಚ್ಚಿ, ಎರಡು ಹೆಜ್ಜೆ ಹಿಂದೆ ಸರಿದರು. ತಾವು ಅದನ್ನು ಮಲಗಿದ ಎಂಟು ಎಂದು ತಿಳಿದು, "ಈ ಎಂಟನ್ನ ಚಿತ್ ಮಾಡಿದ್ದು ಯಾರು?" ಎಂದು ಕೇಳಿದಿರಿ. ಕುಸ್ತಿಯ ಬಗ್ಗೆ ಆ ಮೂರು ದಿನಗಳಲ್ಲಿ ತಾವು ಕೇಳಿದ ಏಕೈಕ ಪ್ರಶ್ನೆ ಅದು.

ಎರಡನೆಯ ದಿನ ಶಾಲೆಯ ನಿವೃತ್ತ ಕೋಚ್ ಬಂದರು. ಆಡಿ ಆಡಿ ಹೂಕೋಸಿನಂತೆ ಮುದುಡಿದ ಕಿವಿಗಳ ಆ ಹಿರಿಯರು, ತಮ್ಮ ತಮ್ಮನವರ ಅರವತ್ತೆರಡು ಗೆಲುವುಗಳಲ್ಲಿ ನಲವತ್ತು ಎದುರಾಳಿ ಬಾರದೆ ಸಿಕ್ಕವು ಎಂದು ಹಳೆಯ ರಿಜಿಸ್ಟರು ಬಿಚ್ಚಿ ತೋರಿಸಿದರು. ಅಷ್ಟು ತೂಕದ ಹುಡುಗರು ಸುತ್ತಲಿನ ಯಾವ ಶಾಲೆಯಲ್ಲೂ ಇರಲಿಲ್ಲವಂತೆ. ಇದ್ದವರಿಗೂ ಆ ದಿನವೇ ಜ್ವರ ಬರುತ್ತಿತ್ತಂತೆ. ಆಮೇಲೆ ಅವರು ಇನ್ನೊಂದು ಹೆಸರು ಹೇಳಿದರು. ಅದೇ ತರಗತಿಯ ಹುಡುಗಿ, ಹಿಡಿದರೆ ಬಿಡದವಳಾದ್ದರಿಂದ ಜಿಗಣೆ ಎಂದೇ ಪ್ರಸಿದ್ಧಳಾದವಳು, ಈಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಐವತ್ತೆಂಟು ಗೆದ್ದಿದ್ದಾಳೆ, ಹದಿಮೂರು ಸೋತಿದ್ದಾಳೆ, ಆದರೆ ಅವಳ ಬೆನ್ನನ್ನು ನೆಲಕ್ಕೆ ತಾಗಿಸಿದವರು ಒಬ್ಬರೂ ಇಲ್ಲ.

ಅವಳ ಕಡೆಯ ಪಂದ್ಯದ ಕಥೆಯನ್ನು ಕೋಚ್ ನಿಂತುಕೊಂಡೇ ಹೇಳಿದರು. ಫೈನಲ್ಲು, ಒಂದು ಅಂಕದ ಮುನ್ನಡೆ, ಎದುರಾಳಿ ಕೆಳಗೆ, ಜಿಗಣೆ ಮೇಲೆ, ಉಳಿದದ್ದು ಇಪ್ಪತ್ತು ಸೆಕೆಂಡು. ಆಗ ಕೆಳಗಿದ್ದವಳ ಭುಜ ಕೀಲು ತಪ್ಪಿದ್ದು ಜಿಗಣೆಯ ಅಂಗೈಗೆ ಗೊತ್ತಾಯಿತು. ರೆಫರಿಗೆ ಕಾಣಲಿಲ್ಲ, ಪ್ರೇಕ್ಷಕರಿಗೂ ಕಾಣಲಿಲ್ಲ. ಎಂದೂ ಬಿಡದವಳು ಪಟ್ಟು ಬಿಟ್ಟಳು, "ಡಾಕ್ಟ್ರನ್ನ ಕರೀರಿ" ಎಂದು ಕೂಗಿದಳು. ನೋವಿನ ಭರದಲ್ಲಿ ಏನಾಯಿತೆಂದೇ ತಿಳಿಯದ ಆ ಎದುರಾಳಿ ಹೊರಳಿ ಇವಳ ಮೇಲೆ ಬಿದ್ದಳು. ನಿಯಮದ ಪ್ರಕಾರ ಎರಡು ಅಂಕ ಅವಳಿಗೆ ಹೋಯಿತು, ಪಂದ್ಯವೂ ಹೋಯಿತು. ಕಿಟಕಿಯ ಹೊರಗೆ ನಾನು ಬಣ್ಣ ಕದಡುವುದನ್ನು ನಿಲ್ಲಿಸಿದ್ದೆ. ತಾವು ಗಡಿಯಾರ ನೋಡಿ, "ರಿಜಿಸ್ಟರಲ್ಲಿ ಕರುಣೆಗೆ ಕಾಲಮ್ ಇಲ್ಲ ಕೋಚ್ ಸಾರ್, ಸೋಲು ಅಂದ್ರೆ ಸೋಲೇ" ಎಂದಿರಿ. ಕೋಚ್ ರಿಜಿಸ್ಟರು ಮಡಿಸಿ ಎದ್ದುಹೋದರು. ತಮ್ಮ ಈ ನಿಷ್ಪಕ್ಷಪಾತತೆ ಎಷ್ಟು ಉನ್ನತವಾದದ್ದೆಂದರೆ, ಅದು ಮನೆಯ ಹೊಸಿಲು ದಾಟಿ ಆಚೆ ಹೋಗಲೇ ಇಲ್ಲ.

ಬುಧವಾರ ಠರಾವು ಕೈಗೆ ಬಂತು: ತಮ್ಮ ತಮ್ಮನವರ ಹೆಸರನ್ನು "ಪಂದ್ಯಗಳ ಸಂಪೂರ್ಣ ವಿವರಗಳೊಂದಿಗೆ" ಬರೆಯತಕ್ಕದ್ದು. ನಾನು ಮೂವತ್ತು ವರ್ಷದಿಂದ ಕೊಟ್ಟದ್ದನ್ನು ಕೊಟ್ಟಂತೆ ಬರೆದವನು. ಸಂಪೂರ್ಣ ಎಂದರೆ ಸಂಪೂರ್ಣವೇ ಇರಬೇಕೆಂದು ತಿಳಿದು, ಕೋಚ್ ಅವರ ಮನೆಗೆ ಹೋಗಿ ರಿಜಿಸ್ಟರು ನೋಡಿಕೊಂಡು ಬಂದು, ಹೆಸರಿನ ಕೆಳಗೆ ಮೊದಲ ಸಾಲಿನಲ್ಲಿ "ಗೆಲುವು: ಅರವತ್ತೆರಡು" ಎಂದೂ, ಎರಡನೆಯ ಸಾಲಿನಲ್ಲಿ ಅಷ್ಟೇ ದೊಡ್ಡ ಅಕ್ಷರಗಳಲ್ಲಿ "ಇವುಗಳಲ್ಲಿ ಎದುರಾಳಿ ಬಾರದವು: ನಲವತ್ತು" ಎಂದೂ ಬರೆದೆ. ಇದರಲ್ಲಿ ಕುಚೇಷ್ಟೆ ಇತ್ತೇ ಎಂದು ನೋಟೀಸಿನಲ್ಲಿ ಕೇಳಿದ್ದೀರಿ. ಇತ್ತು. ಆದರೆ ತಪ್ಪಿರಲಿಲ್ಲ.

ಶುಕ್ರವಾರ ಅನಾವರಣ. ತಾವು ಪರದೆ ಎಳೆದಿರಿ, ಚಪ್ಪಾಳೆ ಹತ್ತಿತು, ಮುಂದಿನ ಸಾಲಿನವರು ಎರಡನೆಯ ಸಾಲು ಓದಿದರು, ಚಪ್ಪಾಳೆ ಅಲ್ಲಲ್ಲೇ ನಿಂತಿತು. ತಾವು ನನ್ನತ್ತ ನೋಡಿದ ನೋಟಕ್ಕೆ ಅರಿವಳಿಕೆ ಕೊಡದೆ ಹಲ್ಲು ಕೀಳುವ ಶಕ್ತಿ ಇತ್ತು. ನಿಜ ಹೇಳುತ್ತೇನೆ, ಆ ಕ್ಷಣ ನನಗೂ ನಾಚಿಕೆಯಾಯಿತು. ತಮ್ಮ ವಿಷಯದಲ್ಲಿ ಅಲ್ಲ. ಹೆಂಡತಿ ಮಗಳೊಂದಿಗೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ ಬುಲ್ಡೋಜರ್ ಅವರ ವಿಷಯದಲ್ಲಿ. ಅವರು ನನಗೇನು ಕೇಡು ಮಾಡಿದ್ದರು? ಅವರು ಎದ್ದು ಗೋಡೆಯ ಹತ್ತಿರ ಬಂದಾಗ ಏಣಿ ಹತ್ತಿ ತಪ್ಪಿಸಿಕೊಳ್ಳಲೇ ಎಂದೂ ಯೋಚಿಸಿದೆ.

ಅವರು ಎರಡೂ ಸಾಲು ಓದಿ ನಕ್ಕುಬಿಟ್ಟರು. "ಸರಿಯಾಗೇ ಬರ್ದಿದೀರಲ್ಲ. ನಲವತ್ತು ಸಲ ನಾನೊಬ್ನೇ ಮ್ಯಾಟ್ ಮಧ್ಯ ನಿಂತ್ಕೊಂಡು ಕೈ ಎತ್ತಿಸ್ಕೊಂಡಿದೀನಿ. ಅಮ್ಮ ಒಂದ್ಸಲ ನೋಡೋಕೆ ಬಂದ್ಲು, ಆವತ್ತೂ ಯಾರೂ ಬರ್ಲಿಲ್ಲ. ಅಳು ಬಂದಿತ್ತು ನಂಗೆ" ಎಂದರು. ಆಮೇಲೆ ತಮ್ಮ ಕಡೆ ತಿರುಗಿ, "ಅಣ್ಣಾ, ಮೂರು ವರ್ಷ ದಿನಾ ಸಾಯಂಕಾಲ ನನ್ ಜೊತೆ ಪ್ರಾಕ್ಟೀಸ್‌ಗೆ ನಿಂತವಳು ಯಾರು ಗೊತ್ತಾ? ಜಿಗಣೆ. ನನ್ನ ಅರ್ಧ ತೂಕ ಇಲ್ಲ ಅವಳು. ಬೇರೆ ಯಾರೂ ಮುಟ್ಟೋಕೂ ಬರ್ತಿರ್ಲಿಲ್ಲ. ಅವಳಿಲ್ದಿದ್ರೆ ನಾನು ಕುಸ್ತಿ ಆಡ್ದೇನೇ ಚಾಂಪಿಯನ್ ಆಗ್ತಿದ್ದೆ" ಎಂದು ಹೇಳಿ, ತಾವು ಬೇಡ ಬೇಡ ಎನ್ನುತ್ತಿದ್ದಂತೆಯೇ ಎಲ್ಲರೆದುರು ಅವಳಿಗೆ ಫೋನು ಮಾಡಿ, ತನ್ನ ಹೆಸರು ಅಳಿಸಿ ಅವಳದನ್ನು ಬರೆಸುತ್ತೇನೆ ಎಂದರು.

ಸ್ಪೀಕರಿನಲ್ಲಿ ಬಂದ ಉತ್ತರವನ್ನು ತಾವೂ ಕೇಳಿದ್ದೀರಿ. "ಲೋ, ಬಸ್ ಕೆಳಗೆ ಮಲಗಿದೀನಿ, ಮೈಯೆಲ್ಲ ಗ್ರೀಸು. ನಿನ್ ಹೆಸರು ಅಳಿಸಿದ್ರೆ ಅಲ್ಲಿಗೇ ಬಂದು ಚಿತ್ ಮಾಡ್ತೀನಿ. ಆ ಇಪ್ಪತ್ತೆರಡು ಮಂದೀನ ನೀನು ಸುಮ್ನೆ ಗೆದ್ಯಾ?" ಫೋನು ಕಟ್ಟಾಯಿತು. ಸಭಿಕರಲ್ಲಿ ಮತ್ತೆ ಚಪ್ಪಾಳೆ ಎದ್ದಿತು, ಈ ಸಲ ನಿಲ್ಲಲಿಲ್ಲ. ಬುಲ್ಡೋಜರ್ ನನ್ನ ಕೈಯಿಂದ ಬ್ರಷ್ಷು ಕಸಿದು, ಎರಡನೆಯ ಸಾಲಿನ ಕೆಳಗೆ ಅವಳ ಹೆಸರನ್ನು ಸ್ವತಃ ಬರೆದುಬಿಟ್ಟರು.

ಇಲ್ಲಿಂದ ನನ್ನ ಅಸಲಿ ದೂರು. ಅಧ್ಯಕ್ಷರೇ, ಆ ಅಕ್ಷರಗಳನ್ನು ತಾವು ನೋಡಿದ್ದೀರಾ? ಮೊದಲನೆಯದು ಆನೆಯಷ್ಟು, ಕಡೆಯದು ಇರುವೆಯಷ್ಟು; ಒತ್ತಕ್ಷರ ಸಾಲಿನಿಂದ ಜಾರಿ ಬಿದ್ದಿದೆ; ಬಣ್ಣ ಮೂರು ಕಡೆ ಸೋರಿದೆ. ಮೂವತ್ತು ವರ್ಷದ ನನ್ನ ವೃತ್ತಿಗೆ ಅದು ಕಣ್ಣೆದುರಿನ ಅವಮಾನ. ಆದರೂ ಅದನ್ನು ಅಳಿಸಲು ನನ್ನಿಂದ ಸಾಧ್ಯವಿಲ್ಲ, ತಿದ್ದಲೂ ಸಾಧ್ಯವಿಲ್ಲ. ಈ ಊರಿನಲ್ಲಿ ನಾನು ಬರೆದಿರುವ ಯಾವ ಬೋರ್ಡಿನ ಮುಂದೆಯೂ ಜನ ಅಷ್ಟು ಹೊತ್ತು ನಿಂತದ್ದಿಲ್ಲ. ತಮಗೆ ಅಳಿಸಲೇಬೇಕೆಂದಿದ್ದರೆ ಟರ್ಪೆಂಟೈನೂ ಬಟ್ಟೆಯೂ ನನ್ನ ಅಂಗಡಿಯಲ್ಲಿವೆ, ತಾವೇ ಬಂದು ಒಯ್ಯಬಹುದು. ಒಂದೇ ವಿನಂತಿ: ಅಳಿಸುವ ಹೊತ್ತನ್ನು ಮುಂಚಿತವಾಗಿ ಡಿಪೋಗೆ ತಿಳಿಸಿ, ಜಿಗಣೆ ರಜೆ ಹಾಕಿ ಬರಲು ಅನುಕೂಲವಾಗುತ್ತದೆ. ಹಾಗೆಯೇ, ಮುಂದೆ ಶ್ರೇಷ್ಠತೆಯನ್ನು ಅಳೆಯುವ ಸಮಿತಿಯ ಪ್ರತಿಯೊಬ್ಬ ಸದಸ್ಯರೂ ಸಭೆಗೆ ಮೊದಲು ಎರಡು ನಿಮಿಷ ಆಕೆಯೊಂದಿಗೆ ಮ್ಯಾಟಿನ ಮೇಲೆ ಕಳೆಯಬೇಕೆಂಬ ನಿಯಮವನ್ನು ತಾವು ತರಬೇಕು. ಚರ್ಚೆ ಮೂರು ದಿನ ಎಳೆಯುವುದಿಲ್ಲವೆಂದು ಬರೆದುಕೊಡಬಲ್ಲೆ, ಅಂದವಾದ ಅಕ್ಷರಗಳಲ್ಲಿ.

ತಮ್ಮ ಠರಾವನ್ನು ಅಕ್ಷರಶಃ ಪಾಲಿಸಿದ್ದಕ್ಕೆ ನೋಟೀಸು ಪಡೆದ,
ತಮ್ಮ ವಿಶ್ವಾಸಿ,
ಬೋರ್ಡ್ ಬರೆಯುವವನು

ತಾ.ಕ.: ವಿಷಯ ಇತ್ಯರ್ಥವಾಗುವವರೆಗೆ ಗೋಡೆಗೆ ಮತ್ತೆ ಪರದೆ ಇಳಿಬಿಡಿಸಿದ್ದೀರಿ. ನಿನ್ನೆ ಹೋಗಿ ನೋಡಿದೆ. ಬಿಳಿ ಬಟ್ಟೆಯ ಕೆಳಗಿನ ಬಲ ಮೂಲೆ, ಸುಮಾರು ಮಕ್ಕಳ ಕೈಗೆಟಕುವ ಎತ್ತರದಲ್ಲಿ, ಎತ್ತಿ ಇಣುಕಿದ ಬೆರಳ ಗುರುತುಗಳಿಂದ ಕರ್ರಗಾಗಿದೆ. ದಯವಿಟ್ಟು ವಾರಕ್ಕೊಮ್ಮೆಯಾದರೂ ಒಗೆಸಿ.